ಹನ್ನೆರಡು ವರ್ಷದ ಸಾಕ್ಷಿ

ಮೂರು ವಾರದ ಹಿಂದೆ, ಮೆಟ್ಟಿಲಿಳಿಯುವ ಅವಸರದಲ್ಲಿ, ಕೆಳಗಿನ ಮನೆಯವನು ಕೇಳಿದ್ದನ್ನು ಅರ್ಧ ಕಿವಿಯಲ್ಲಿ ಕೇಳಿಸಿಕೊಂಡು ಕನ್ನಡಕದವನು 'ಆಯ್ತು ಬಿಡಿ, ಅದಕ್ಕೇನಂತೆ' ಎಂದುಬಿಟ್ಟಿದ್ದ. ಮನುಷ್ಯನನ್ನು ದೊಡ್ಡ ದೊಡ್ಡ ಪ್ರತಿಜ್ಞೆಗಳು ಕೆಡಿಸುವುದು ಕಡಿಮೆ. ಕೆಡಿಸುವುದೆಲ್ಲ ಇಂಥ 'ಅದಕ್ಕೇನಂತೆ'ಗಳೇ. ಮೂರು ಮೆಟ್ಟಿಲು ಇಳಿಯುವಷ್ಟರಲ್ಲಿ ಅವನು ಆ ಮಾತನ್ನು ಮರೆತ. ಕೆಳಗಿನ ಮನೆಯವನು ಮರೆಯಲಿಲ್ಲ.

ಹಾಗಾಗಿ ಬುಧವಾರ ಬೆಳಿಗ್ಗೆ ಕನ್ನಡಕದವನು ಗಡ್ಡ ಕೆರೆದುಕೊಳ್ಳುತ್ತ ಬಾಗಿಲು ತೆಗೆದಾಗ, ಹೊಸ್ತಿಲಾಚೆ ಕೆಳಗಿನ ಮನೆಯವನು ಮದುವಣಿಗನಂತೆ ನಿಂತಿದ್ದ. ನುಣ್ಣಗೆ ಬೋಳಿಸಿದ ಗಲ್ಲ, ಕಂಕುಳಲ್ಲಿ ಕಡತ, ಮೈಮೇಲೆ ಬಿಳಿ ಶರ್ಟು. ಆ ಶರ್ಟಿನ ಇಸ್ತ್ರಿ ಗೆರೆಯಲ್ಲಿ ತರಕಾರಿ ಹೆಚ್ಚಬಹುದಿತ್ತು.

"ಹೊರಡೋಣವಾ ಸರ್?"

"ಎಲ್ಲಿಗೆ?"

ಅವನ ನಗು ಒಂದು ಮೆಟ್ಟಿಲು ಕೆಳಗಿಳಿಯಿತು. "ಪೌರತ್ವದ ಕಚೇರಿಗೆ ಸರ್. ಸಾಕ್ಷಿಗೆ ಬರ್ತೀನಿ ಅಂದಿದ್ರಿ. ಇಲ್ಲೇ ಹುಟ್ಟಿದವರೊಬ್ಬರು, ನನ್ನನ್ನ ಹತ್ತು ವರ್ಷದಿಂದ ಬಲ್ಲವರು, ಬರಲೇಬೇಕು. ಇವತ್ತೇ ಸಂದರ್ಶನ."

ಕನ್ನಡಕದವನು ಕೆಟ್ಟವನಲ್ಲ. ಪೇಟೆಯ ಅಂಗಡಿಗಳಿಂದ ಗಾಜು ತಂದು, ಮನೆಯ ಮುಂಕೋಣೆಯಲ್ಲೇ ತೇದು, ಕನ್ನಡಕದ ಚೌಕಟ್ಟಿಗೆ ಕೂರಿಸಿಕೊಡುವುದು ಅವನ ಕಸುಬು. ಕುಳಿತಲ್ಲಿಂದ ಏಳುವಾಗ ಬೇರೆಯವರು 'ಅಮ್ಮಾ' ಎನ್ನುವಂತೆ ಅವನು 'ಈ ದೇಶ ಉದ್ಧಾರ ಆಗಲ್ಲ' ಎನ್ನುತ್ತಿದ್ದ. ಅದರಲ್ಲಿ ಸಿಟ್ಟೇನೂ ಇರಲಿಲ್ಲ, ಬರೀ ಅಭ್ಯಾಸ. ಕೆಳಗಿನ ಮನೆಯವನು ಬೇರೆ ದೇಶದಿಂದ ಬಂದವನು, ಲಿಫ್ಟ್ ರಿಪೇರಿ ಮಾಡುವವನು. ಹನ್ನೆರಡು ವರ್ಷದಿಂದ ಅದೇ ಮನೆಯಲ್ಲಿದ್ದರೂ ಕಟ್ಟಡದವರ ಬಾಯಲ್ಲಿ ಅವನು ಇನ್ನೂ 'ಹೊರಗಿನವನು'. ಕನ್ನಡಕದವನೊಬ್ಬನೇ ಅವನನ್ನು 'ಲಿಫ್ಟಿನವರೇ' ಎಂದು ಗೌರವದಿಂದ ಕರೆಯುತ್ತಿದ್ದದ್ದು. ತಾನು ಕೊಡುವ ಆ ಗೌರವದ ಬಗ್ಗೆ ಅವನಿಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು.

"ನಿಮ್ಮ ಜನನ ಪ್ರಮಾಣಪತ್ರವೂ ಬೇಕು ಸರ್," ಎಂದ ಲಿಫ್ಟಿನವನು.

ಅಲ್ಲಿಂದ ಶುರುವಾಯಿತು. ಬೀರು ಜಾಲಾಡಿದರು, ಟ್ರಂಕು ಮಗುಚಿದರು. ಮದುವೆಯ ಫೋಟೋ ಸಿಕ್ಕಿತು, ಎಂದೋ ಸತ್ತ ರೇಡಿಯೋದ ಗ್ಯಾರಂಟಿ ಕಾರ್ಡು ಸಿಕ್ಕಿತು, ತಾನು ಹುಟ್ಟಿದ್ದಕ್ಕೆ ಮಾತ್ರ ದಾಖಲೆ ಸಿಗಲಿಲ್ಲ. ಗಡ್ಡ ಬೋಳಿಸಿಕೊಳ್ಳಬೇಕಾದ ಹೊತ್ತೂ ಅದರಲ್ಲೇ ಕಳೆಯಿತು. ಕೊನೆಗೆ ಹೆಂಡತಿ ಅಡುಗೆಮನೆಯಿಂದ ಕೂಗಿದಳು: "ರೀ, ಎಣ್ಣೆ ಡಬ್ಬದಡಿ ಹಾಸಿದ್ದೀನಲ್ಲ, ಇದೇನಾ ನೋಡಿ." ಅದೇ. ಅಪ್ಪನ ಹೆಸರಿನ ಸುತ್ತ ಎಣ್ಣೆಯ ದುಂಡು ಕಲೆ, ಪಟದ ದೇವರಿಗೆ ಪ್ರಭಾವಳಿ ಕಟ್ಟಿದಂತೆ ಕೂತಿತ್ತು. ಲಿಫ್ಟಿನವನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ತನ್ನ ಕಡತದ ಪ್ಲಾಸ್ಟಿಕ್ ಹಾಳೆಯೊಳಗೆ ಮೆಲ್ಲಗೆ ಜಾರಿಸಿದ. ತಾನು ಹುಟ್ಟಿದ್ದಕ್ಕೆ ಇಷ್ಟು ಮರ್ಯಾದೆ ಸಿಕ್ಕಿದ್ದು ಕನ್ನಡಕದವನಿಗೆ ಅದೇ ಮೊದಲು.

ಮೆಟ್ಟಿಲಲ್ಲಿ ಅಧ್ಯಕ್ಷರು ಅಡ್ಡ ಬಂದರು. ಕಟ್ಟಡದ ನಿವಾಸಿಗಳ ಸಂಘಕ್ಕೆ ಹದಿನಾಲ್ಕು ವರ್ಷದಿಂದ ಅವರೇ ಅಧ್ಯಕ್ಷರು, ಯಾಕೆಂದರೆ ಇಳಿಯಿರಿ ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ನಿವೃತ್ತ ಗುಮಾಸ್ತ. ನಾಲ್ಕನೇ ಮಹಡಿಯಿಂದ ಕಟಕಟೆ ಹಿಡಿದು ಇಳಿಯುತ್ತ, ಒಂದೊಂದು ಮೆಟ್ಟಿಲಿಗೂ ಒಂದೊಂದು ಆಕ್ಷೇಪಣೆ ಬಿಡುವವರು.

"ಏನಯ್ಯ, ಇವನ ಜೊತೆ ಎಲ್ಲಿಗೆ?"

ಕನ್ನಡಕದವನು ಹೇಳಿದ. ಅಧ್ಯಕ್ಷರ ಹುಬ್ಬು ಮೇಲೇರಿತು.

"ಪೌರನಾಗ್ತಾನಂತಾ? ನನ್ನ ಅಜ್ಜ ಹುಟ್ಟಿದ್ದು ಇಲ್ಲಿ, ಅಜ್ಜನ ಅಜ್ಜ ಹುಟ್ಟಿದ್ದು ಇಲ್ಲಿ. ರಾಷ್ಟ್ರಗೀತೆಯ ಎರಡನೇ ಚರಣ ಹೇಳಲಿ ನೋಡೋಣ."

ಲಿಫ್ಟಿನವನು ಕಡತವನ್ನು ಕನ್ನಡಕದವನ ಕೈಗಿತ್ತು, ನೆಟ್ಟಗೆ ನಿಂತು ಎರಡನೇ ಚರಣ ಹಾಡಿದ. ಅದು ಮುಗಿದ ಮೇಲೆ ಮೂರನೆಯದನ್ನೂ ಹಾಡಿದ. ಮೂರನೆಯದೊಂದು ಇದೆ ಎಂಬುದು ಅಧ್ಯಕ್ಷರಿಗೂ ಹೊಸ ಸುದ್ದಿ. ಆದರೆ ತೋರಿಸಿಕೊಳ್ಳದೆ, "ಹೂಂ, ಸ್ವಲ್ಪ ಸ್ವರ ತಪ್ಪಿತು," ಎಂದು ಕೆಮ್ಮಿದರು. "ನಾನೂ ಬರ್ತೀನಿ. ಕಟ್ಟಡದ ಮಾನದ ಪ್ರಶ್ನೆ."

ಬಸ್ಸು ಇಪ್ಪತ್ತು ನಿಮಿಷ ತಡ. "ಈ ದೇಶ ಉದ್ಧಾರ ಆಗಲ್ಲ," ಎಂದ ಕನ್ನಡಕದವನು. ನಿಲ್ದಾಣದಲ್ಲಿದ್ದ ನಾಲ್ಕು ಜನ, ಭಜನೆಗೆ ತಾಳ ಹಾಕುವಂತೆ, ಹೌದೆಂದು ತಲೆಯಾಡಿಸಿದರು.

"ಬರುತ್ತಲ್ಲ ಸರ್, ಅದೇ ದೊಡ್ಡದು," ಎಂದ ಲಿಫ್ಟಿನವನು. "ನಮ್ಮ ಕಡೆ ಒಂದು ಸಲ ಮೂರು ದಿನ ಕಾದಿದ್ದೆ. ಇಲ್ಲಿಯ ಬಸ್ಸು ಬಂಗಾರ."

ಅಧ್ಯಕ್ಷರಿಗೆ ಸಂಕಟ ಶುರುವಾಯಿತು. ದೇಶವನ್ನು ಬೈದವನು ಇಲ್ಲೇ ಹುಟ್ಟಿದವನು, ಅವನನ್ನು ಬೈಯುವಂತಿಲ್ಲ. ಹೊಗಳಿದವನು ಹೊರಗಿನವನು, ಅವನನ್ನು ಮೆಚ್ಚುವಂತಿಲ್ಲ. "ನಮ್ಮ ಬಸ್ಸನ್ನ ಹೊಗಳೋಕೆ ಇವನ್ಯಾರು?" ಎಂದು ಕನ್ನಡಕದವನ ಕಿವಿಯಲ್ಲಿ ಗೊಣಗಿ, ಹಲ್ಲುನೋವಿನವರಂತೆ ಗಲ್ಲ ಹಿಡಿದು ಕೂತರು.

ಕಚೇರಿ ಐದನೇ ಮಹಡಿಯಲ್ಲಿತ್ತು. ಲಿಫ್ಟು ಎರಡನೆಯ ಮತ್ತು ಮೂರನೆಯ ಮಹಡಿಯ ನಡುವೆ ನಿಂತುಬಿಟ್ಟಿತ್ತು, ಒಳಗಿನಿಂದ ಒಬ್ಬ ಅಜ್ಜಿ ಅಳುವುದು ಕೇಳಿಸುತ್ತಿತ್ತು. ಕಾವಲಿನವನು ಅತ್ತಿತ್ತ ಓಡಾಡುತ್ತಿದ್ದ. ಲಿಫ್ಟಿನವನು ಗಡಿಯಾರ ನೋಡಿದ, ತನ್ನ ಶರ್ಟು ನೋಡಿದ, ಮತ್ತೆ ಲಿಫ್ಟಿನ ಬಾಗಿಲು ನೋಡಿದ. ಹತ್ತು ನಿಮಿಷದಲ್ಲಿ ಅಜ್ಜಿ ಹೊರಬಂದು ಅವನ ತಲೆ ಸವರಿದಳು. ಆದರೆ ಬಿಳಿ ಶರ್ಟಿನ ಎದೆ, ತೋಳುಗಳ ತುಂಬ ಗ್ರೀಸು.

ಅವನ ಮುಖ ಬಾಡಿದ್ದನ್ನು ಕನ್ನಡಕದವನು ಕಂಡ. "ನನ್ನದು ಹಾಕ್ಕೊಳ್ಳಿ. ಸಾಕ್ಷಿಯ ಶರ್ಟು ಯಾರು ನೋಡ್ತಾರೆ?" ಎಂದು ಅಲ್ಲೇ ಮೆಟ್ಟಿಲಲ್ಲಿ ಬಿಚ್ಚಿ ಕೊಟ್ಟ. ಲಿಫ್ಟಿನವನ ಶರ್ಟು ಅವನ ಹೊಟ್ಟೆಗೆ ಎರಡು ಗುಂಡಿ ಸಾಲದಾಯಿತು. ಆ ದಿನ ಅವನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು, ಅದೇ ಅವನಿಗೆ ಮುಳುವಾಯಿತು.

ಕೋಣೆಯಲ್ಲಿದ್ದದ್ದು ದಪ್ಪ ಕನ್ನಡಕದ ಅಧಿಕಾರಿಣಿ. ಎದುರಿಗೆ ಎರಡು ಕುರ್ಚಿ. ಒಂದರಲ್ಲಿ ಬೋಳಿಸಿದ ಗಲ್ಲದ, ಶುಭ್ರ ಶರ್ಟಿನ, ಶಾಂತ ಮನುಷ್ಯ. ಇನ್ನೊಂದರಲ್ಲಿ ಗಡ್ಡ ಬಿಟ್ಟ, ಗ್ರೀಸು ಮೆತ್ತಿದ, ಗುಂಡಿ ಹಾಕಲಾಗದೆ ಹೊಟ್ಟೆ ಮುಚ್ಚಿಕೊಂಡ ಗಾಬರಿಯ ಪ್ರಾಣಿ. ಅಧಿಕಾರಿಣಿ ಎರಡನೆಯವನತ್ತ ಕರುಣೆಯಿಂದ ತಿರುಗಿದರು.

"ಹೆದರಬೇಡಿ. ನಮ್ಮ ಭಾಷೆ ಬರುತ್ತಾ?"

"ಬರುತ್ತೆ ಮೇಡಂ."

"ಪರವಾಗಿಲ್ಲ, ಉಚ್ಚಾರಣೆ ಸುಮಾರಾಗಿದೆ. ಸಂವಿಧಾನ ಜಾರಿಗೆ ಬಂದದ್ದು ಯಾವ ವರ್ಷ?"

ಸಾಕ್ಷಿಗೂ ಇಷ್ಟೆಲ್ಲ ಕೇಳುತ್ತಾರೇನೋ ಎಂದುಕೊಂಡ ಕನ್ನಡಕದವನು. ಯೋಚಿಸುವ ಬದಲು ಅವನ ಕಣ್ಣು ಆಕೆಯ ಕನ್ನಡಕದ ಎಡಗಾಜಿಗೆ ಅಂಟಿತ್ತು. ಅಂಚು ಸರಿಯಾಗಿ ಕೂತಿರಲಿಲ್ಲ. ಯಾವನೋ ಅವಸರಗೇಡಿಯ ಕೆಲಸ.

"ಮೇಡಂ, ಅದು…" ಎಂದು ಲಿಫ್ಟಿನವನು ಬಾಯಿ ತೆರೆದ.

"ಸಾಕ್ಷಿ ಸುಮ್ನಿರಬೇಕು. ಹೇಳಿ, ದೇಶದ ಅತಿ ಉದ್ದದ ನದಿ?"

ಕನ್ನಡಕದವನು ಅತ್ತೆಮನೆಯ ಹತ್ತಿರ ಹರಿಯುವುದರ ಹೆಸರು ಹೇಳಿದ.

"ಅದು ಕಾಲುವೆ. ಹೋಗಲಿ, ರಾಷ್ಟ್ರಗೀತೆಯ ಎರಡನೇ ಚರಣ ಹೇಳಿ."

ಅವನು ಎದ್ದು ನಿಂತ. ಹಿಡಿದಿದ್ದ ಹೊಟ್ಟೆ ಬಿಡಬೇಕಾಯಿತು. ಮೊದಲನೇ ಚರಣದ ಮೊದಲನೇ ಸಾಲನ್ನು ಎರಡು ಸಲ ಹಾಡಿ ಕೂತ.

"ಎಷ್ಟು ವರ್ಷದಿಂದ ಇದ್ದೀರಿ ಇಲ್ಲಿ?"

"ನಲವತ್ತೇಳು."

ಅಧಿಕಾರಿಣಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಲವತ್ತೇಳು ವರ್ಷ ಈ ನೆಲದ ಅನ್ನ ತಿಂದು ಕಲಿತದ್ದು ಇಷ್ಟೇನಾ? ಈ ದೇಶ ನಿಮಗೆ ಏನೂ ಅಲ್ವಾ?"

ಕನ್ನಡಕದವನಿಗೆ ಉತ್ತರ ಕೊಡಬೇಕೆನಿಸಿತು. ಏನೋ ಇತ್ತು, ಖಂಡಿತ ಇತ್ತು. ಅಮ್ಮ ಕೈಹಿಡಿದು ನಡೆಸಿದ ಬೀದಿ, ಬೈದುಕೊಂಡೇ ಹತ್ತಿದ ಬಸ್ಸುಗಳು, ಕಣ್ಣು ಮುಚ್ಚಿಕೊಂಡೂ ಹತ್ತಿಳಿಯಬಲ್ಲ ಆ ಮೆಟ್ಟಿಲು. ಆದರೆ ಅದಕ್ಕೆ ಎರಡನೇ ಚರಣ ಇರಲಿಲ್ಲ. "ಮೇಡಂ, ಅದನ್ನ ಇದುವರೆಗೆ ನನ್ನ ಯಾರೂ ಕೇಳಿರಲಿಲ್ಲ," ಎಂದಷ್ಟೇ ಹೇಳಿದ.

ಅಧಿಕಾರಿಣಿ ಕೆಂಪು ಪೆನ್ನು ತೆಗೆದರು. ಆಗ ಲಿಫ್ಟಿನವನು ಎದ್ದು ನಿಂತ.

"ಕ್ಷಮಿಸಿ ಮೇಡಂ. ಅರ್ಜಿ ನನ್ನದು. ಇವರು ಇಲ್ಲೇ ಹುಟ್ಟಿದವರು."

ಆಕೆ ಇವನನ್ನು ನೋಡಿದರು, ಅವನನ್ನು ನೋಡಿದರು, ಗೋಡೆಯ ಮೇಲಿನ ರಾಷ್ಟ್ರಲಾಂಛನವನ್ನೂ ಒಮ್ಮೆ ನೋಡಿದರು. ಆಮೇಲೆ ಪೆನ್ನಿನ ಮುಚ್ಚಳ ಹಾಕುತ್ತ ಕನ್ನಡಕದವನಿಗೆ ಹೇಳಿದರು: "ಇಲ್ಲೇ ಹುಟ್ಟಿದವರಿಗೆ ಪರೀಕ್ಷೆ ಇಲ್ಲ. ಪುಣ್ಯವಂತರು."

ಲಿಫ್ಟಿನವನ ಪರೀಕ್ಷೆ ನಾಲ್ಕೇ ನಿಮಿಷದಲ್ಲಿ ಮುಗಿಯಿತು. ನದಿಗಳ ಜೊತೆ ಉಪನದಿಗಳನ್ನೂ ಹೇಳಿದ. ಇನ್ನು ಸಾಕ್ಷಿ. ಎಣ್ಣೆ ಕಲೆಯ ಪ್ರಮಾಣಪತ್ರವನ್ನು ಬೆಳಕಿಗೆ ಹಿಡಿದು ಹೇಗೋ ಓದಿಕೊಂಡ ಮೇಲೆ ಅಧಿಕಾರಿಣಿ ಕೇಳಿದರು: "ಇವರ ಮನೇಲಿ ಯಾರ್ಯಾರಿದ್ದಾರೆ?"

ಇದು ಸುಲಭ. "ಇವರು, ಇವರ ಹೆಂಡತಿ," ಎಂದ ಕನ್ನಡಕದವನು ಧೈರ್ಯದಿಂದ.

ಲಿಫ್ಟಿನವನು ತಲೆ ತಗ್ಗಿಸಿದ. "ಅವರು ನಮ್ಮಕ್ಕ, ಸರ್," ಎಂದ ಮೆಲ್ಲಗೆ.

"ಇಲ್ಲಿಗೆ ಬರೋಕೆ ಮುಂಚೆ ಇವರು ಏನು ಕೆಲಸ ಮಾಡ್ತಿದ್ರು?"

"ಲಿಫ್ಟು…"

"ಭೂಗೋಳದ ಮೇಷ್ಟ್ರು ಅಂತ ಬರೆದಿದೆ. ಊರು ಯಾಕೆ ಬಿಟ್ರು?"

ಕನ್ನಡಕದವನು ನೆಲ ನೋಡಿದ. ಹನ್ನೆರಡು ವರ್ಷ ದಿನಾ ಮೆಟ್ಟಿಲಲ್ಲಿ ಸಿಕ್ಕಿದ್ದರು. 'ಹೇಗಿದ್ದೀರಿ ಲಿಫ್ಟಿನವರೇ?' 'ಚೆನ್ನಾಗಿದ್ದೀನಿ ಸರ್.' ಅಷ್ಟೇ. ಆ 'ಚೆನ್ನಾಗಿದ್ದೀನಿ'ಯನ್ನೇ ಅವನು ಸ್ನೇಹ ಎಂದುಕೊಂಡಿದ್ದ. ಊರಿಗೆಲ್ಲ ಕಣ್ಣು ಕಾಣಿಸುವ ಹಾಗೆ ಮಾಡುವ ಕಸುಬಿನವನಿಗೆ ಕಾಲಡಿಯ ಮನೆ ಕಂಡಿರಲಿಲ್ಲ.

"ಇದು ಮುಖಪರಿಚಯ, ಸಾಕ್ಷಿ ಅಲ್ಲ," ಎಂದರು ಅಧಿಕಾರಿಣಿ. "ಬೇರೆಯವರನ್ನ ಕರ್ಕೊಂಡು ಬನ್ನಿ. ಮುಂದಿನ ತಾರೀಖು ಎಂಟು ತಿಂಗಳ ಮೇಲೆ."

"ಪರವಾಗಿಲ್ಲ ಸರ್," ಎಂದು ಲಿಫ್ಟಿನವನು ಅವನ ತೋಳು ಮುಟ್ಟಿದ. ಆ ಮಾತು ಉಗುರಿನೊಳಗೆ ಹೊಕ್ಕ ಗಾಜಿನ ಚೂರಿನ ಹಾಗೆ ಕನ್ನಡಕದವನಿಗೆ ಚುಚ್ಚಿತು. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಆಗ ಬಾಗಿಲು ತಾನಾಗಿ ತೆರೆದುಕೊಂಡಿತು. ಅದಕ್ಕೆ ಕಿವಿ ಹಚ್ಚಿ ನಿಂತಿದ್ದ ಅಧ್ಯಕ್ಷರು ಒಳಕ್ಕೆ ಮುಗ್ಗರಿಸಿದರು. ಸಾವರಿಸಿಕೊಂಡು, ಒಳಜೇಬಿನಿಂದ ಪ್ಲಾಸ್ಟಿಕ್ ಹೊದಿಸಿದ ತಮ್ಮ ಜನನ ಪ್ರಮಾಣಪತ್ರ ತೆಗೆದು ಮೇಜಿನ ಮೇಲಿಟ್ಟರು. ಅದಿಲ್ಲದೆ ಅವರು ಹಾಲು ತರುವುದಕ್ಕೂ ಹೋಗುತ್ತಿರಲಿಲ್ಲ.

"ನಾನು ಹೇಳ್ತೀನಿ ಮೇಡಂ ಸಾಕ್ಷಿ. ಈ ಮನುಷ್ಯನ ಮೇಲೆ ಹನ್ನೆರಡು ವರ್ಷದಿಂದ ಕಣ್ಣಿಟ್ಟಿದ್ದೀನಿ."

ಎಂಟು ತಿಂಗಳ ಬದಲು ಇನ್ನು ಯಾವ ಜನ್ಮಕ್ಕೂ ಪೌರತ್ವ ಸಿಗುವುದಿಲ್ಲ ಎಂದುಕೊಂಡ ಕನ್ನಡಕದವನು.

"ಬೆಳಿಗ್ಗೆ ಆರೂ ಹತ್ತಕ್ಕೆ ಕೆಲಸಕ್ಕೆ ಹೊರಡ್ತಾನೆ, ಸಂಜೆ ಏಳರೊಳಗೆ ಮನೆ. ತಿಂಗಳ ಮೊದಲನೇ ಮಂಗಳವಾರ ಅಕ್ಕನ್ನ ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ತಾನೆ, ತಲೆನೋವಿಗೆ. ಇವನು ಪಾಠ ಮಾಡ್ತಿದ್ದ ಶಾಲೆ ಗಲಭೇಲಿ ಸುಟ್ಟುಹೋಯ್ತು, ಅದಕ್ಕೇ ಬಂದದ್ದು. ವರ್ಷಕ್ಕೆ ಎರಡು ಸಲ ಅಲ್ಲಿಂದ ಕಾಗದ ಬರುತ್ತೆ. ಕಾಗದ ಬಂದ ಸಂಜೆ ಆ ಮನೇಲಿ ದೀಪ ಹಾಕಲ್ಲ."

ಲಿಫ್ಟಿನವನು ತಲೆಯೆತ್ತಿ ಅವರನ್ನೇ ನೋಡುತ್ತಿದ್ದ.

"ಅವರ ಕಸದ ಬುಟ್ಟೀನೂ ಎರಡು ಸಲ ನೋಡಿದ್ದೀನಿ," ಎಂದರು ಅಧ್ಯಕ್ಷರು.

"ಏನು ಸಿಕ್ತು?"

"ಬರೀ ಕಸ, ಮೇಡಂ." ಆ ದನಿಯಲ್ಲಿ ಹನ್ನೆರಡು ವರ್ಷ ವ್ಯರ್ಥವಾದ ದುಃಖವಿತ್ತು. "ತಪ್ಪು ಹುಡುಕಿದೆ. ಇಷ್ಟು ಹುಡುಕಿದ್ರೆ ನನ್ನಲ್ಲೇ ನಾಲ್ಕು ಸಿಗ್ತಿತ್ತು. ಇವನಲ್ಲಿ ಸಿಗಲಿಲ್ಲ."

ಅಧಿಕಾರಿಣಿ ಮೊಹರು ಎತ್ತಿ ಒತ್ತಿದರು. ಲಿಫ್ಟಿನವನು ನೆಟ್ಟಗೆ ನಿಂತು ಪ್ರಮಾಣವಚನ ತೆಗೆದುಕೊಂಡ. ಕನ್ನಡಕದವನ ಕಣ್ಣು ಒದ್ದೆಯಾಯಿತು, ಸಂತೋಷಕ್ಕೆ ಅರ್ಧ, ನಾಚಿಕೆಗೆ ಅರ್ಧ.

ಹಿಂದಿರುಗುವಾಗ ಅಧ್ಯಕ್ಷರು ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದರು. ಹಿಂದಿನ ಸೀಟಿನಲ್ಲಿ ಇವರಿಬ್ಬರು. ಕನ್ನಡಕದವನು ದಾರಿಯುದ್ದಕ್ಕೂ ಮಾತು ಹುಡುಕಿ ಕೊನೆಗೆ ಹೇಳಿದ:

"ನಂದು ತಪ್ಪಾಯ್ತು. ಇಷ್ಟು ವರ್ಷ ಒಂದು ದಿನಾನೂ ಮನೆಗೆ ಕರೀಲಿಲ್ಲ. ಈ ಭಾನುವಾರ ಅಕ್ಕನ್ನೂ ಕರ್ಕೊಂಡು ಊಟಕ್ಕೆ ಬನ್ನಿ."

"ಭಾನುವಾರ ನಾವಿರಲ್ಲ ಸರ್. ಮನೆ ಖಾಲಿ ಮಾಡ್ತಿದ್ದೀವಿ."

"ಖಾಲಿನಾ?"

"ನಮ್ಮ ವಾಸದ ಪರವಾನಗಿ ಆ ವಿಳಾಸಕ್ಕೇ ಕೊಟ್ಟಿದ್ದು. ಪೌರತ್ವ ಬರೋವರೆಗೂ ಬಿಡೋ ಹಾಗಿರಲಿಲ್ಲ. ಊರಾಚೆ ಒಂದು ಮನೆ ನೋಡಿಟ್ಟಿದ್ದೀವಿ."

"ನಮ್ಮ ಕಟ್ಟಡದಲ್ಲಿ ಅಂಥಾದ್ದೇನು ಕಮ್ಮಿಯಾಗಿತ್ತು?"

ಲಿಫ್ಟಿನವನು ಕಿಟಕಿಯಾಚೆ ನೋಡಿದ. ಬಸ್ಸು ಅರ್ಧ ಗಂಟೆಯಿಂದ ಒಂದೇ ತಿರುವಿನಲ್ಲಿ ನಿಂತಿತ್ತು. "ಈ ಬಸ್ಸು ಯಾವತ್ತು ಸಮಯಕ್ಕೆ ಸರಿಯಾಗಿ ತಲುಪಿಸಿದೆ ಹೇಳಿ," ಎಂದ.

ಕನ್ನಡಕದವನು ಬೆಚ್ಚಿ ನೋಡಿದ. ಹನ್ನೆರಡು ವರ್ಷದಲ್ಲಿ ಆ ಬಾಯಿಂದ ಬಂದ ಮೊದಲ ದೂರು ಅದು.

"ನೆಂಟರಾಗಿ ಬಂದವರು ಊಟಕ್ಕೆ ಕೂತಾಗ ಉಪ್ಪು ಕಮ್ಮಿ ಅನ್ನೋ ಹಾಗಿಲ್ಲ ಅಲ್ವಾ ಸರ್?" ಎಂದ ಲಿಫ್ಟಿನವನು. "ಚೆನ್ನಾಗಿದೆ, ಇನ್ನಷ್ಟು ಹಾಕಿ ಅನ್ನಬೇಕು. ಉಪ್ಪು ಕಮ್ಮಿ ಅಂತ ಹೇಳೋನು ಮನೆಯವನು. ಇವತ್ತಿಂದ ನಾನೂ ಹೇಳಬಹುದು ಅಂದ್ಕೋತೀನಿ."

"ಹೇಳಿ."

"ನಿಮ್ಮ ಗಾಜು ತೇಯೋ ಮೆಷಿನ್ನು. ಬೆಳಿಗ್ಗೆ ಐದಕ್ಕೆ ಶುರು ಮಾಡ್ತೀರಿ. ಅದರ ಕೆಳಗೇ ಅಕ್ಕನ ಮಂಚ. ಇಡೀ ಚಾವಣಿ ನಡುಗುತ್ತೆ. ಒಂದೇ ಕೋಣೆ ಸರ್, ಮಂಚ ಸರಿಸೋಕೆ ಜಾಗ ಇಲ್ಲ."

ಬಸ್ಸು ಹೊರಟಿತು.

"ಒಂದು ಮಾತು ಹೇಳಬಾರದಿತ್ತಾ?" ಎಂದ ಕನ್ನಡಕದವನು.

"ಹೇಗೆ ಹೇಳೋದು? ಮುಂದೆ ಒಂದು ದಿನ ನೀವೇ ಸಾಕ್ಷಿ ಹೇಳಬೇಕಾದವರು."

ಅದರಲ್ಲಿ ಸಿಟ್ಟಿರಲಿಲ್ಲ. ಪಾಠ ಒಪ್ಪಿಸಿದಂತೆ ಹೇಳಿದ. ಮನೆ ತಲುಪಿದ ಮೇಲೆ, 'ಒಂದು ನಿಮಿಷ ಇರಿ' ಎಂದು ಒಳಗೆ ಹೋಗಿ ಒಂದು ಪೊಟ್ಟಣ ತಂದ. ಬಾಗಿಲ ಸಂದಿಯಿಂದ ಗೋಣಿಯಲ್ಲಿ ಸುತ್ತಿಟ್ಟ ಸಾಮಾನು, ಹಣೆಗೆ ಬಟ್ಟೆ ಕಟ್ಟಿಕೊಂಡು ಮಂಚದ ಮೇಲೆ ಕೂತ ಅಕ್ಕ ಕಂಡರು. ಆಕೆ ಎದ್ದು ನಿಂತು ನಕ್ಕರು. ಕನ್ನಡಕದವನು ಅವರ ಮುಖ ಸರಿಯಾಗಿ ನೋಡಿದ್ದು ಅದೇ ಮೊದಲು. ತಮ್ಮನದೇ ಮೂಗು, ತಮ್ಮನದೇ ಗಲ್ಲ. ಹೆಂಡತಿ ಎಂದುಕೊಳ್ಳಲು ಕುರುಡನೇ ಆಗಿರಬೇಕಿತ್ತು.

ಪೊಟ್ಟಣದಲ್ಲಿ ನಾಲ್ಕು ದುಂಡನೆಯ ರಬ್ಬರ್ ತುಂಡುಗಳಿದ್ದವು.

"ಮೆಷಿನ್ನಿನ ಕಾಲಡಿಗೆ ಇಟ್ರೆ ಸದ್ದು ಕೆಳಕ್ಕೆ ಬರಲ್ಲ ಸರ್," ಎಂದ. "ಬಂದ ಮೊದಲನೇ ವರ್ಷಾನೇ ಅಳತೆ ನೋಡಿ ಕೊಯ್ದಿಟ್ಟಿದ್ದೆ. ಕೊಡೋಕೆ ಮೂರು ಸಲ ಮೇಲೆ ಬಂದೆ. ಹೇಗಿದ್ದೀರಿ ಅಂದ್ರಿ, ಚೆನ್ನಾಗಿದ್ದೀನಿ ಅಂದು ಇಳಿದುಬಿಟ್ಟೆ."

ಕನ್ನಡಕದವನು ಒಂದನ್ನು ಒತ್ತಿ ನೋಡಿದ. ಹನ್ನೆರಡು ವರ್ಷಕ್ಕೆ ರಬ್ಬರು ಕಲ್ಲಾಗಿತ್ತು, ಅಂಚು ಬಿರಿದಿತ್ತು. "ನಾಳೆಯಿಂದ ಮೆಷಿನ್ ಹಾಕಲ್ಲ," ಎಂದ, "ನೀವು ಹೋಗೋವರೆಗೂ." ಹೇಳಿದ ಮೇಲೆ, ಮೂರು ದಿನದ ಆ ದಾನ ಎಷ್ಟು ಸಣ್ಣದೆಂದು ಅವನಿಗೇ ತಿಳಿದು ಮುಖ ಬಿಸಿಯಾಯಿತು. ಲಿಫ್ಟಿನವನು ಮಾತ್ರ ನಿಜವಾಗಿಯೂ ಸಂತೋಷಪಟ್ಟವನಂತೆ ಅವನ ಎರಡೂ ಕೈ ಹಿಡಿದು ಅದುಮಿದ.

ಆ ಹೊತ್ತಿಗೆ ಅಧ್ಯಕ್ಷರು ಇಬ್ಬರ ನಡುವೆ ನುಸುಳಿ ಮನೆಯೊಳಕ್ಕೆ ಹೋದರು. ಕೈಯಲ್ಲಿ ಅಳತೆ ಟೇಪು. ಕಿಟಕಿ ಅಳೆದರು, ಗೋಡೆ ಅಳೆದರು, ಅಕ್ಕನನ್ನು ಸ್ವಲ್ಪ ಸರಿಯಲು ಹೇಳಿ ಮಂಚದ ಜಾಗವನ್ನೂ ಅಳೆದರು.

"ಇದೇನು ಅಧ್ಯಕ್ಷರೇ?" ಎಂದ ಕನ್ನಡಕದವನು.

"ಸೋಮವಾರ ನಾನಿಲ್ಲಿಗೆ ಬರ್ತಿದ್ದೀನಿ. ನಾಲ್ಕನೇ ಮಹಡಿ ಹತ್ತೋಕೆ ನನ್ನ ಮಂಡಿ ಕೇಳಲ್ಲ. ಮನೆ ಓನರ್ ಹತ್ತಿರ ಎರಡು ವರ್ಷದ ಹಿಂದೆನೇ ಮಾತಾಡಿಟ್ಟಿದ್ದೆ, ಇವನು ಯಾವತ್ತು ಬಿಡ್ತಾನೋ ಅವತ್ತು ನನಗೆ ಅಂತ. ಪೌರತ್ವ ಸಿಗದೆ ಇವನೆಲ್ಲಿ ಬಿಡ್ತಾನೆ? ಇನ್ನೂ ಎಂಟು ತಿಂಗಳು ನಾನು ಹತ್ತಬೇಕಾ?"

"ಹಾಗಾದ್ರೆ ಆ ಸಾಕ್ಷಿ…"

"ಒಂದಕ್ಷರ ಸುಳ್ಳಿಲ್ಲ ಕಣಯ್ಯ. ನಿಜ ಹೇಳೋಕೂ ಒಂದು ಕಾರಣ ಬೇಕಾಗುತ್ತೆ, ಅಷ್ಟೇ." ಟೇಪು ಸುತ್ತುತ್ತ ಅಧ್ಯಕ್ಷರು ಚಾವಣಿಯನ್ನು ದಿಟ್ಟಿಸಿದರು. ಅಲ್ಲೊಂದು ಉದ್ದನೆಯ ಬಿರುಕಿತ್ತು. ಆಮೇಲೆ ಕನ್ನಡಕದವನ ಗ್ರೀಸು ಮೆತ್ತಿದ ಶರ್ಟನ್ನು, ಕೈಯಲ್ಲಿದ್ದ ಕಲ್ಲಿನಂಥ ರಬ್ಬರನ್ನು ನೋಡಿದರು.

"ಬಸ್ಸಲ್ಲಿ ನಾನೇನೂ ನಿದ್ದೆ ಮಾಡ್ತಿರಲಿಲ್ಲ," ಎಂದರು. "ಐದು ಗಂಟೆಗೆ ಮೆಷಿನ್ ಹಾಕ್ತೀಯಂತೆ. ಒಂದು ಮಾತು ಈಗಲೇ ತಿಳ್ಕೋ. ನಾನು ಈ ದೇಶದಲ್ಲೇ ಹುಟ್ಟಿದವನು. ಹನ್ನೆರಡು ವರ್ಷ ಕಾಯಲ್ಲ."